‘ಹಿರಿಯರಿಗಾಗಿ’ ಅಂದ್ರೆ ಬರೀ ಭಜನೆನಾ? ಸಿನಿಮಾ ಆ್ಯಪ್‌ಗೆ ಐದಕ್ಕೆ ಮೂರು

ಬಾಗಲಕೋಟೆ ನವನಗರದಲ್ಲಿ ಒಬ್ಬರೇ ಇರುವ ನಮ್ಮ ಕಾಕಾನ ಟಿವಿಗೆ ಈ ಆ್ಯಪ್ ಹಾಕಿಸಿಕೊಟ್ಟೆ. ಚಿತ್ರ ಸ್ಪಷ್ಟವಾಗಿದೆ, ನಡುವೆ ಜಾಸ್ತಿ ನಿಲ್ಲುವುದಿಲ್ಲ. ನನ್ನ ತಕರಾರು ‘ಹಿರಿಯರಿಗಾಗಿ’ ಅನ್ನೋ ಸಾಲಿನ ಬಗ್ಗೆ. ಪುರಾಣ, ಭಜನೆ, ಮಕ್ಕಳು ಕೈಬಿಟ್ಟ ಅಪ್ಪ-ಅಮ್ಮನ ಅಳು, ಅಷ್ಟೇ. ವಯಸ್ಸಾದವರಿಗೆ ಆಸೆನೇ ಇರೋದಿಲ್ವಾ?

ಹುಡುಕಿದರೆ ಒಳ್ಳೆಯವು ಸಿಗುತ್ತವೆ, ಆದರೆ ನಾವೇ ಹುಡುಕಬೇಕು. 2013ರ ‘ದಿ ಲಂಚ್‌ಬಾಕ್ಸ್’ ಹಚ್ಚಿಕೊಟ್ಟೆ. ನಿವೃತ್ತಿಗೆ ಬಂದಿರುವ ಇರ್ಫಾನ್ ಖಾನ್, ಚೀಟಿಗಳಲ್ಲಷ್ಟೇ ಪರಿಚಯವಾದ ಹೆಂಗಸನ್ನು ಭೇಟಿಯಾಗಲು ಹೊರಟ ದಿನ ಬಚ್ಚಲಲ್ಲಿ ಅಜ್ಜನ ವಾಸನೆ ಬಂದಂತಾಗಿ, ಅದು ತನ್ನದೇ ಅಂತ ಹೊಳೆದು, ಹೋಟೆಲಿಗೆ ಹೋದರೂ ದೂರದಿಂದ ನೋಡಿ ಮಾತಾಡಿಸದೆ ವಾಪಸ್ ಬರುತ್ತಾನೆ. ಕಾಕಾ ರಿಮೋಟ್ ತಗೊಂಡು ಆ ಜಾಗವನ್ನು ಹಿಂದೆ ಓಡಿಸಿ ಮತ್ತೊಮ್ಮೆ ನೋಡಿದರು. ಏನೂ ಅನ್ನಲಿಲ್ಲ, ಚಹಾ ಮಾತ್ರ ಆರಿಹೋಗಿತ್ತು.

2018ರ ‘ಬಧಾಯಿ ಹೋ’ ನೋಡಿ ಜೋರಾಗಿ ನಕ್ಕರು. ಮದುವೆ ವಯಸ್ಸಿನ ಮಗನಿರುವ ನೀನಾ ಗುಪ್ತಾ ಬಸುರಿಯಾಗುತ್ತಾರೆ, ನಾಚಿಕೆಯಿಂದ ತಲೆ ತಪ್ಪಿಸಿಕೊಂಡು ಓಡಾಡುವವರು ಮಕ್ಕಳು! ನಗಿಸಿದರೆ ಮಾತ್ರ ನಮ್ಮ ಜನ ಇಂಥದ್ದನ್ನು ಒಪ್ಪುತ್ತಾರೇನೋ. ಅದೂ ಗಂಡಸಿಗಾದರೆ ಅರವತ್ತರಲ್ಲೂ ಪ್ರೇಮಕಥೆ ಬರೆಯುತ್ತಾರೆ, ಆ ವಯಸ್ಸಿನ ಹೆಂಗಸಿನ ಕೈಗೆ ಜಪಮಾಲೆ ಕೊಟ್ಟು ಕೂರಿಸುತ್ತಾರೆ. ಈ ಆ್ಯಪ್‌ನವರೂ ಅದನ್ನೇ ಮಾಡಿದ್ದಾರೆ ನೋಡಿ.

ಇನ್ನು ಈ ಎರಡಕ್ಕೂ ಕನ್ನಡ ಸಬ್‌ಟೈಟಲ್ ಇಲ್ಲ. ಇಂಗ್ಲಿಷ್ ಅಕ್ಷರಗಳೂ ಇರುವೆ ಸಾಲಿನಂತಿವೆ. ವರ್ಷದ ಚಂದಾ ಈಗಲೇ ಕಟ್ಟಬೇಡಿ, ತಿಂಗಳದ್ದು ಸಾಕು.