ನಾಸಾದ ಸಮುದ್ರಮಟ್ಟದ ಟೂಲ್: ಕೊಡಗಿನ ತರಗತಿಗೆ ಎಷ್ಟು ಉಪಯೋಗ?

ಭೂಗೋಳ, ಪರಿಸರ ವಿಜ್ಞಾನ ಪಾಠ ಮಾಡುವ ಕೊಡಗಿನ ಉಪನ್ಯಾಸಕರು ನಾಸಾದ ಸೀ ಲೆವೆಲ್ ಪ್ರೊಜೆಕ್ಷನ್ ಟೂಲನ್ನು ಧಾರಾಳವಾಗಿ ಬಳಸಬಹುದು. ಉಚಿತ, ಬ್ರೌಸರ್‌ನಲ್ಲೇ ತೆರೆಯುತ್ತದೆ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2021ರ ವರದಿ ಕೊಟ್ಟ ಕಡಲೇರಿಕೆಯ ಅಂದಾಜುಗಳನ್ನು 2150ರವರೆಗೂ ತೋರಿಸುತ್ತದೆ.

ನಕ್ಷೆಯಲ್ಲಿ ಮಡಿಕೇರಿ ಹುಡುಕಿ ಪ್ರಯೋಜನವಿಲ್ಲ. ಅದು ಕಡಲಿನ ಹತ್ತಿರವಿಲ್ಲ. ಕೊಡಗಿನ ಪಯಸ್ವಿನಿ ನದಿ ಕಡಲು ಸೇರುವ ಕಾಸರಗೋಡಿನ ಕಡೆ ಹೋಗಿ, ಹತ್ತಿರದ ಬಿಂದು ಒತ್ತಬೇಕು. ನಮ್ಮ ಗುಡ್ಡದಿಂದ ಪಶ್ಚಿಮಕ್ಕೆ ಹರಿಯುವ ನೀರು ಕೊನೆಗೆ ಸೇರುವ ಮಟ್ಟ ಅದು. ಮಕ್ಕಳಿಗೆ ಬೇಗ ನಾಟುತ್ತದೆ. ಗ್ರಾಫಿನ ಸೊನ್ನೆ ಇವತ್ತಿನ ಮಟ್ಟವಲ್ಲ, 1995–2014ರ ಸರಾಸರಿ. ಇದನ್ನು ಮರೆತರೆ ಈಗಾಗಲೇ ಆಗಿರುವ ಏರಿಕೆಯನ್ನು ಎರಡು ಸಲ ಕೂಡಿಸಿದಂತಾಗುತ್ತದೆ. ಒಟ್ಟು ಏರಿಕೆಯಲ್ಲಿ ಹಿಮನದಿಗಳದ್ದೆಷ್ಟು, ಗ್ರೀನ್‌ಲ್ಯಾಂಡಿನದೆಷ್ಟು, ಅಂಟಾರ್ಕ್ಟಿಕಾದ್ದೆಷ್ಟು, ನೆಲದ ಏರಿಳಿತದ್ದೆಷ್ಟು ಎಂದು ಬಿಡಿಸಿ ತೋರಿಸುವುದು ಇದರ ದೊಡ್ಡ ಗುಣ.

ಕೊರತೆಯೆಂದರೆ, ಪ್ರಾಚೀನ ಸಮುದ್ರಮಟ್ಟ ಇದರಲ್ಲಿಲ್ಲ. ಹೊಗೆ ಅತಿ ಹೆಚ್ಚಾಗುವ ಹಾದಿಯಲ್ಲಿ 2100ಕ್ಕೆ ಜಾಗತಿಕ ಏರಿಕೆ 0.63–1.01 ಮೀಟರ್, ‘ಲೋ ಕಾನ್ಫಿಡೆನ್ಸ್’ (ಖಚಿತತೆ ಕಡಿಮೆ ಇರುವ) ಆಯ್ಕೆಗೆ ಹೋದರೆ ಮೇಲಿನ ಅಂಚು ಒಂದೂವರೆ ಮೀಟರನ್ನೂ ದಾಟುತ್ತದೆ. ಹಿಮದ ಹಾಸು ಅಷ್ಟೊಂದು ಕರಗೀತೇ ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಉತ್ತರ ಹಳೆಯ ಕಡಲಿನಲ್ಲಿದೆ: ಸುಮಾರು 1,25,000 ವರ್ಷಗಳ ಹಿಂದೆ ಭೂಮಿ 1850–1900ರ ಕಾಲಕ್ಕಿಂತ 0.5–1.5 ಡಿಗ್ರಿಯಷ್ಟೇ ಬಿಸಿಯಿತ್ತು, ಕಡಲು ಇಂದಿಗಿಂತ 5–10 ಮೀಟರ್ ಮೇಲಿತ್ತು.

ಹಳೆಯ ಕಡಲಿನ ಮಟ್ಟ ತಿಳಿಯುವುದು ಹೇಗೆಂದು ಬೋರ್ಡಿನ ಮೇಲೆ ಮಾಡಿಸಿ. ಕೆರಿಬಿಯನ್ ದ್ವೀಪ ಬಾರ್ಬಡೋಸ್‌ನಲ್ಲಿ ಸಿಕ್ಕುವ ಅಕ್ರೋಪೋರಾ ಪಾಮೇಟಾ ಹವಳ ಸಾಮಾನ್ಯವಾಗಿ 5 ಮೀಟರಿಗಿಂತ ಆಳಕ್ಕೆ ಹೋಗದು. ಅದರ ವಯಸ್ಸು ಅದರೊಳಗಿನ ಯುರೇನಿಯಂ-ಥೋರಿಯಂ ಪ್ರಮಾಣದಿಂದ ತಿಳಿಯುತ್ತದೆ. 14,000 ವರ್ಷ ಹಳೆಯ ತುಣುಕು ಇವತ್ತು 90 ಮೀಟರ್ ಆಳದಲ್ಲಿ ಸಿಕ್ಕಿತೆನ್ನಿ. ಆ ದ್ವೀಪ ವರ್ಷಕ್ಕೆ 0.34 ಮಿಲಿಮೀಟರ್ ಮೇಲೇಳುತ್ತಿದೆ, ಅಂದರೆ ಇಷ್ಟರಲ್ಲಿ 4.76 ಮೀಟರ್. ಹಾಗಾದರೆ ಅದು ಬೆಳೆದದ್ದು 94.76 ಮೀಟರ್ ಕೆಳಗೆ. ಅಂದಿನ ಕಡಲು ಇಂದಿಗಿಂತ ಸುಮಾರು 90–95 ಮೀಟರ್ ತಗ್ಗಿನಲ್ಲಿತ್ತು. ನೆಲದ ಏರಿಕೆಯನ್ನು ಲೆಕ್ಕಕ್ಕೆ ಹಿಡಿಯದೆ ಬಿಟ್ಟರೆ ಲೆಕ್ಕವೇ ಕೆಡುತ್ತದೆ. ತಪ್ಪಾಗುವುದು ಹೆಚ್ಚಾಗಿ ಇಲ್ಲೇ.

ಇನ್ನೊಂದು ಎಚ್ಚರ: ಆ 5–10 ಮೀಟರನ್ನು 2100ರ ಗ್ರಾಫಿನ ಮೇಲೆ ಹಚ್ಚಬೇಡಿ. ಅದು ಸಾವಿರಾರು ವರ್ಷದ ಬಿಸಿಯ ಫಲ, ಆಗ ಭೂಮಿಯ ಕಕ್ಷೆಯೂ ಬೇರೆ ಇತ್ತು.

ಟೂಲ್ ಇಂಗ್ಲಿಷಿನಲ್ಲಿದೆ, ಹೆಸರುಗಳನ್ನು ಮೊದಲೇ ಕನ್ನಡದಲ್ಲಿ ಬರೆದುಕೊಳ್ಳಿ. ಮಳೆಗಾಲದಲ್ಲಿ ಕರೆಂಟು, ನೆಟ್ ಎರಡೂ ಕೈಕೊಡುತ್ತವೆ, ಬೇಕಾದ ಗ್ರಾಫುಗಳನ್ನು ಮೇ ತಿಂಗಳಲ್ಲೇ ಇಳಿಸಿಟ್ಟುಕೊಳ್ಳಿ.