ಅಭ್ಯಾಸ ಪಂದ್ಯದ .450 ನಂಬಬಹುದಾ? ಶಿರಸಿಯಿಂದ ಒಂದು ಬೇಸ್‌ಬಾಲ್ ಆ್ಯಪ್ ವಿಮರ್ಶೆ

ಅಂಕ ಮೊದಲೇ ಕೊಟ್ಟುಬಿಡುತ್ತೇನೆ. ವಿಡಿಯೋಗಳಿಗೆ ಐದಕ್ಕೆ ನಾಲ್ಕೂವರೆ. ಅಂಕಿಪಟ್ಟಿಗೆ ಐದಕ್ಕೆ ಒಂದೂವರೆ. ಆ್ಯಪ್‌ನ ಹೆಸರು ಹಾಕುತ್ತಿಲ್ಲ, ಮುಂದೆ ಸ್ವಲ್ಪ ಬೈಗುಳ ಇದೆ. ಅಮೆರಿಕದ ಕಾಲೇಜ್ ಬೇಸ್‌ಬಾಲ್ ನೋಡುವವರಿಗೆ ಯಾವ ಥರದ್ದು ಅಂತ ಹೇಗೂ ಗೊತ್ತಾಗುತ್ತದೆ.

ನಾನು ಶಿರಸಿ ಕಡೆಯ ನಿವೃತ್ತ ಪಿಟಿ ಮಾಸ್ತರ. ತಂಗಿಯ ಮಗ ನೆಬ್ರಾಸ್ಕಾದ ಒಮಾಹಾದಲ್ಲಿ ಕೆಲಸದಲ್ಲಿದ್ದಾನೆ. ಕಾಲೇಜ್ ವರ್ಲ್ಡ್ ಸೀರೀಸ್, ಅಂದರೆ ಕಾಲೇಜ್ ಬೇಸ್‌ಬಾಲ್‌ನ ಚಾಂಪಿಯನ್ ಯಾರೆಂದು ತೀರ್ಮಾನಿಸುವ ಕೊನೆಯ ಸುತ್ತು, ನಡೆಯುವುದು ಆ ಊರಲ್ಲೇ, 1950ರಿಂದ. ಜೂನ್ ಬಂತೆಂದರೆ ನಮ್ಮ ಮಾರಿಕಾಂಬಾ ಜಾತ್ರೆಗೆ ಶಿರಸಿ ತುಂಬಿದ ಹಾಗೆ ಒಮಾಹಾ ತುಂಬುತ್ತದಂತೆ. ಮಾಣಿ ಅಲ್ಲಿಂದ ವಿಡಿಯೋ ಕಳಿಸಿ ಕಳಿಸಿ ನನಗೂ ಹುಚ್ಚು ಹಿಡಿಸಿದ. ಆಮೇಲೆ ಈ ಆ್ಯಪ್‌ಗೆ ಚಂದಾ ಕಟ್ಟಿ, ‘ಮಾವ, ಜನವರಿಯಿಂದಲೇ ನೋಡು, ಯಾವ ಬ್ಯಾಟರ್ ಈ ವರ್ಷ ಮಿಂಚ್ತಾನೆ ಅಂತ ಮೊದಲೇ ಗೊತ್ತಾಗ್ತದೆ’ ಅಂದ.

ಆ್ಯಪ್ ಮಾರುವುದೂ ಇದೇ ಆಸೆಯನ್ನು. ಸೀಸನ್ ಶುರುವಾಗುವುದು ಫೆಬ್ರವರಿ ಮಧ್ಯದಲ್ಲಿ. 2025ರಲ್ಲಿ ಫೆಬ್ರವರಿ 14ಕ್ಕೆ ಶುರುವಾಯಿತು. ಅದಕ್ಕೂ ಮೊದಲು ಕೆಲವು ವಾರ ಪ್ರತಿ ಕಾಲೇಜಿನಲ್ಲೂ ಸ್ಕ್ರಿಮೇಜ್ ನಡೆಯುತ್ತದೆ. ಅಂದರೆ ಒಂದೇ ತಂಡದವರು ಎರಡು ಭಾಗ ಮಾಡಿಕೊಂಡು ಆಡುವ ಅಭ್ಯಾಸ ಪಂದ್ಯ. ಅದರಲ್ಲಿ ಯಾರು ಎಷ್ಟು ಹೊಡೆದರು ಅಂತ ಆ್ಯಪ್ ಪಟ್ಟಿ ಮಾಡುತ್ತದೆ. ಮೇಲಿನ ಹೆಸರುಗಳ ಪಕ್ಕ ಬೆಂಕಿಯ ಚಿತ್ರ, ಕೆಳಗಿನ ಹೆಸರುಗಳ ಪಕ್ಕ ಹಿಮದ ಚಿತ್ರ.

ಈ ಬೆಂಕಿ ಚಿತ್ರದ ಹುಡುಗನೊಬ್ಬನ ಲೆಕ್ಕ ನೋಡಿ. 20 ಸಲ ಬ್ಯಾಟ್ ಹಿಡಿದು 9 ಹಿಟ್, ಅಂದರೆ ಹೊಡೆದು ಬೇಸ್ ಮುಟ್ಟಿದ್ದು 9 ಸಲ. 9ನ್ನು 20ರಿಂದ ಭಾಗಿಸಿದರೆ ಸರಾಸರಿ .450. ಕೇಳಲಿಕ್ಕೆ ಭಾರೀ. ಆದರೆ ನಿಜದಲ್ಲಿ .280ರ ಮಟ್ಟದ ಸಾಧಾರಣ ಬ್ಯಾಟರ್‌ಗೂ 20 ಸಲದಲ್ಲಿ 9 ಅಥವಾ ಹೆಚ್ಚು ಹಿಟ್ ಸಿಗುವ ಸಾಧ್ಯತೆ ನೂರಕ್ಕೆ ಏಳೆಂಟು ಇರುತ್ತದೆ. ಕಾಲೇಜ್ ಬೇಸ್‌ಬಾಲ್‌ನ ಮೇಲಿನ ದರ್ಜೆಯಾದ ‘ಡಿವಿಷನ್ 1’ರಲ್ಲಿ ಸುಮಾರು 300 ತಂಡಗಳಿವೆ, ಪ್ರತಿ ತಂಡದಲ್ಲಿ ಹತ್ತು ಹದಿನೈದು ಬ್ಯಾಟರ್‌ಗಳು. ಅಷ್ಟು ಜನರಲ್ಲಿ ಬರೀ ಅದೃಷ್ಟದಿಂದಲೇ .450 ಹೊಡೆದವರು ನೂರಾರು ಮಂದಿ ಸಿಗುತ್ತಾರೆ. ಪಟ್ಟಿಯ ತುದಿಯಲ್ಲಿ ಸೇರಿಕೊಳ್ಳುವವರು ಹೆಚ್ಚಾಗಿ ಇವರೇ. ಹಾಗೆಯೇ .300ರ ಗಟ್ಟಿ ಬ್ಯಾಟರ್ 20ರಲ್ಲಿ ನಾಲ್ಕೇ ಹಿಟ್ ಹೊಡೆದರೂ ಅದೇನೂ ವಿಶೇಷ ಅಲ್ಲ. ಆದರೆ ಆ್ಯಪ್ ಅವನ ಪಕ್ಕ ಹಿಮದ ಚಿತ್ರ ಅಂಟಿಸುತ್ತದೆ. ಪಾಪ.

ಇದಕ್ಕಿಂತ ದೊಡ್ಡ ತಕರಾರು ಬೇರೆ ಇದೆ. ಆ ಅಂಕಿ ಎಂಥ ಪಂದ್ಯದಲ್ಲಿ ಬಂದದ್ದು ಅಂತ ಆ್ಯಪ್ ಎಲ್ಲಿಯೂ ಹೇಳುವುದಿಲ್ಲ. ವಿಡಿಯೋ ತೆರೆದರೆ ತಾನಾಗಿ ಕಾಣುತ್ತದೆ. ಒಂದು ಕ್ಲಿಪ್‌ನಲ್ಲಿ ಎಡಗೈ ಬ್ಯಾಟರ್ ಒಬ್ಬ ಬೇಲಿ ದಾಟಿಸಿ ಹೊಡೆದ. ಠಣ್ ಅಂತ ಲೋಹದ ಬ್ಯಾಟ್‌ನ ಸದ್ದು, ತಂಡದವರು ಕೂರುವ ಡಗೌಟ್‌ನಲ್ಲಿ ಕೂಗಾಟ. ಅದನ್ನೇ ಹಿಂದಕ್ಕೆ ಹಾಕಿ ನೋಡಿದೆ. ಅವನು ಆಡಲು ಬರುವಾಗಲೇ ಫಲಕದಲ್ಲಿ ಒಂದು ಬಾಲ್ (ಆಚೀಚೆ ಹೋದ ಎಸೆತ), ಒಂದು ಸ್ಟ್ರೈಕ್ (ಬ್ಯಾಟರ್ ತಪ್ಪಿಸಿಕೊಂಡ ಎಸೆತ) ಇತ್ತು. ಎಣಿಕೆ ಸೊನ್ನೆಯಿಂದ ಶುರುವಾಗಬೇಕಾದ್ದು. ಅಭ್ಯಾಸ ಬೇಗ ಮುಗಿಯಲಿ ಅಂತ ಕೋಚ್‌ಗಳು ಹೀಗೆ ಅರ್ಧದಿಂದ ಶುರು ಮಾಡಿಸುತ್ತಾರೆ. ಪಿಚರ್, ಅಂದರೆ ಚೆಂಡು ಎಸೆಯುವವನು, ಎಸೆದದ್ದು ಬರೀ ಫಾಸ್ಟ್‌ಬಾಲ್, ತಿರುವಿಲ್ಲದ ವೇಗದ ಎಸೆತ. ಹೊರಬೇಲಿ ಮೇಲಿನ ಬಾವುಟ ಪೂರ್ತಿ ಬಿಚ್ಚಿಕೊಂಡು ಹೊರಕ್ಕೇ ಹಾರುತ್ತಿತ್ತು. ಮುಂದಿನ ಇನಿಂಗ್ಸ್‌ನಲ್ಲಿ ಮೂರು ಬೇಸ್‌ನಲ್ಲೂ ಓಟಗಾರರು ನಿಂತಿದ್ದರು. ಅಷ್ಟರಲ್ಲಿ ಪಿಚರ್‌ನ ಎಸೆತದ ಕೋಟಾ ಮುಗಿಯಿತು. ಕೋಚ್ ಕೈ ತಿರುಗಿಸಿದ, ಇನಿಂಗ್ಸ್ ಅಲ್ಲಿಗೇ ಬಂದ್. ಮೂವರು ಔಟ್ ಆಗಬೇಕಿದ್ದಲ್ಲಿ ಆದದ್ದು ಒಬ್ಬನೇ! ಇಂಥದ್ದರಿಂದ ತೆಗೆದ ಸರಾಸರಿಯನ್ನು ಮೂರು ದಶಮಾಂಶದವರೆಗೆ ಬರೆದು ತೋರಿಸುತ್ತಾರಲ್ಲ, ಅದು ನನಗೆ ಸಿಟ್ಟು.

ಜೊತೆಗೆ, ಎಸೆಯುವವನೂ ಹೊಡೆಯುವವನೂ ಒಂದೇ ಹಾಸ್ಟೆಲ್‌ನವರು. ತಂಡದಲ್ಲಿ ಸುಮಾರು ಅರ್ಧದಷ್ಟು ಪಿಚರ್‌ಗಳೇ. ಅವರನ್ನೇ ಬ್ಯಾಟರ್ ಹಿಂದಿನ ಶರತ್ಕಾಲದಿಂದ ಎದುರಿಸುತ್ತಿರುತ್ತಾನೆ. ಯಾರ ಸ್ಲೈಡರ್ ಎಲ್ಲಿ ತಿರುಗುತ್ತದೆ ಅಂತ ಬಾಯಿಪಾಠ. ಪಿಚರ್‌ಗಂತೂ ಆ ದಿನ ಗೆಲ್ಲುವ ಹಟವೇ ಇರುವುದಿಲ್ಲ, ಹೊಸದಾಗಿ ಕಲಿತ ಚೇಂಜಪ್, ಅಂದರೆ ವೇಗ ತಗ್ಗಿಸಿ ಮೋಸಗೊಳಿಸುವ ಎಸೆತ, ಕೂರುತ್ತದಾ ಅಂತ ನೋಡುತ್ತಿರುತ್ತಾನೆ. ಅದೇ ಪಿಚರ್ ಒಳ್ಳೆಯವನಾಗಿದ್ದರೆ ತನ್ನ ತಂಡದ ಬ್ಯಾಟರ್‌ಗಳ ಅಂಕಿಯನ್ನೆಲ್ಲ ನೆಲ ಕಚ್ಚಿಸುತ್ತಾನೆ. 2023ರಲ್ಲಿ ಎಲ್‌ಎಸ್‌ಯು (ಲೂಸಿಯಾನಾ ಸ್ಟೇಟ್ ಯೂನಿವರ್ಸಿಟಿ) ಚಾಂಪಿಯನ್ ಆದಾಗ ಪಾಲ್ ಸ್ಕೀನ್ಸ್ ಆ ತಂಡದ ಮುಖ್ಯ ಪಿಚರ್. ಅಂಥವನನ್ನು ಅಭ್ಯಾಸದಲ್ಲಿ ಎದುರಿಸಿ ಸೊನ್ನೆ ಸುತ್ತಿದ ಹುಡುಗನಿಗೆ ಯಾವ ಚಿತ್ರ ಹಾಕುತ್ತೀರಿ?

ಇನ್ನು ವಿಡಿಯೋ ಯಾಕೆ ಇಷ್ಟ ಅಂದರೆ, ಅದರಲ್ಲಿ ನೋಡಲಿಕ್ಕೆ ಬೇಕಾದ್ದು ಸಿಗುತ್ತದೆ. ಕ್ಯಾಮೆರಾ ಬಲೆಯ ಹಿಂದೆ, ಸರಿಯಾದ ಎತ್ತರದಲ್ಲಿದೆ. ಹೊರಗೆ ಹೋಗುವ ಸ್ಲೈಡರ್‌ಗೆ ಹುಡುಗ ಬ್ಯಾಟ್ ತಡೆದು ಹಿಡಿಯುತ್ತಾನಾ, ಮುಂಗಾಲು ಬೇಗ ಬೀಳುತ್ತದಾ, ಎಲ್ಲ ಕಾಣುತ್ತದೆ. ಮಕ್ಕಳನ್ನು ಆಡಿಸಿದವನಿಗೆ ಇಷ್ಟು ಸಾಕು. ಚೆಂಡು ಬ್ಯಾಟ್ ಬಿಟ್ಟ ವೇಗವನ್ನೂ ಹಾಕುತ್ತಾರೆ. ಅಂಕಿಗಳಲ್ಲಿ ನಾನು ಗೌರವ ಕೊಡುವುದು ಇದಕ್ಕೇ. ಗಂಟೆಗೆ 105 ಮೈಲಿ, ಅಂದರೆ 169 ಕಿಲೋಮೀಟರ್ ವೇಗದಲ್ಲಿ ಒಮ್ಮೆ ಹೊಡೆದರೂ ಆ ಶಕ್ತಿ ಅವನಲ್ಲಿದೆ ಅಂತಲೇ ಅರ್ಥ. ಬ್ಯಾಟ್‌ನ ಮಹಿಮೆ ಅನ್ನುವ ಹಾಗೂ ಇಲ್ಲ. ಲೋಹದ ಬ್ಯಾಟ್‌ನ ಪುಟಿತಕ್ಕೆ 2011ರಿಂದ ಬಿಬಿಕೋರ್ ಮಿತಿ ಇದೆ, ಅದು ಈಗ ಮರದ ಬ್ಯಾಟ್‌ಗೆ ಹತ್ತಿರ.

ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕ್ ಆಗಿ ಔಟ್) ಎಷ್ಟು, ವಾಕ್ (ನಾಲ್ಕು ಬಾಲ್ ಆಗಿ ಪುಕ್ಕಟೆ ಸಿಗುವ ಬೇಸ್) ಎಷ್ಟು ಅನ್ನುವುದನ್ನು ಮಾತ್ರ ಮೂರು ಪುಟ ಒಳಗೆ ಬಚ್ಚಿಟ್ಟಿದ್ದಾರೆ. ಮುಂದೆ ಇಡಬೇಕಾದ್ದೇ ಅದು. ವೃತ್ತಿಪರ ಲೀಗ್‌ನ ಅಂಕಿಗಳ ಮೇಲೆ ಮಾಡಿದ ಲೆಕ್ಕದ ಪ್ರಕಾರ ಸ್ಟ್ರೈಕ್‌ಔಟ್ ಪ್ರಮಾಣ ಬ್ಯಾಟ್ ಹಿಡಿಯುವ ಸುಮಾರು 60 ಸರದಿಗೆ, ವಾಕ್ ಸುಮಾರು 120ಕ್ಕೆ ಒಂದು ಹದಕ್ಕೆ, ಅಂದರೆ ನಂಬಬಹುದಾದ ಮಟ್ಟಕ್ಕೆ ಬರುತ್ತದೆ. ಬ್ಯಾಟಿಂಗ್ ಸರಾಸರಿಗೆ ಕಾಲೇಜಿನ ಇಡೀ ಸೀಸನ್, ಅಂದರೆ 56 ಪಂದ್ಯವೂ ಸಾಲದು. ಸ್ಕ್ರಿಮೇಜ್‌ನ 20 ಸರದಿ ಯಾವುದಕ್ಕೂ ಸಾಲುವುದಿಲ್ಲ ನಿಜ. ಆದರೂ ಎಂಟು ಸಲ ಸ್ಟ್ರೈಕ್‌ಔಟ್ ಆದವನ ಬಗ್ಗೆ ನಾನು ಸ್ವಲ್ಪ ಅನುಮಾನ ಇಟ್ಟುಕೊಳ್ಳುತ್ತೇನೆ, ಹಿಟ್ ಎಷ್ಟೇ ಇರಲಿ.

ಇಲ್ಲಿ ಕೂತು ಬಳಸುವವರಿಗೆ ಒಂದೆರಡು ಮಾತು. ಅಲ್ಲಿನ ಪೂರ್ವ ಕರಾವಳಿಯಲ್ಲಿ ಶುಕ್ರವಾರ ಸಂಜೆ ಆರಕ್ಕೆ ಶುರುವಾಗುವ ಪಂದ್ಯ ಫೆಬ್ರವರಿಯಲ್ಲಿ ನಮಗೆ ಶನಿವಾರ ಬೆಳಗಿನ ನಾಲ್ಕೂವರೆ. ಅಡಿಕೆ ಕೆಲಸದ ದಿನಗಳಲ್ಲಿ ಹೇಗೂ ಬೇಗ ಏಳುವ ಮನೆ, ತೊಂದರೆಯಿಲ್ಲ. ಫೈಬರ್ ಇದ್ದರೆ ಚಿತ್ರ ನಿಲ್ಲುವುದಿಲ್ಲ. ಮೊಬೈಲ್ ನೆಟ್‌ವರ್ಕ್ ನಂಬಿ ಘಟ್ಟದ ಕೆಳಗೆ ಕೂತರೆ ಚೆಂಡು ಗಾಳಿಯಲ್ಲೇ ಉಳಿಯುತ್ತದೆ.

ದುಡ್ಡು ಕಟ್ಟುವವರು ವರ್ಷದ ಚಂದಾ ತಗೊಳ್ಳಬೇಡಿ. ತಿಂಗಳ ಚಂದಾ ಇದೆ, ಮಾರ್ಚ್‌ನಲ್ಲಿ ಶುರು ಮಾಡಿ. ಅಷ್ಟೊತ್ತಿಗೆ ಬೇರೆ ಕಾಲೇಜಿನ ಪಿಚರ್‌ಗಳನ್ನು ಎದುರಿಸಿದ ಅಂಕಿ ಬಂದಿರುತ್ತದೆ, ಜನವರಿಯ ಹಳೇ ವಿಡಿಯೋಗಳೂ ಅಲ್ಲೇ ಇರುತ್ತವೆ. ಚಂದಾ ತಾನಾಗಿ ಮುಂದುವರಿಯುತ್ತದೆ. ಅದನ್ನು ನಿಲ್ಲಿಸುವ ಬಟನ್ ಸೆಟ್ಟಿಂಗ್ಸ್‌ನ ತಳದಲ್ಲಿ, ತಿಳಿ ಬೂದು ಬಣ್ಣದ ಸಣ್ಣ ಅಕ್ಷರದಲ್ಲಿದೆ. ಕನ್ನಡಕ ಹಾಕಿಕೊಂಡು ಹುಡುಕಿ.