ಡಬ್ಲ್ಯೂಸಸ್ ಫ್ರೀನೇ, ಆದ್ರೆ ಅದನ್ನ ನೋಡ್ಕೊಳ್ಳೋಕೆ ಒಬ್ರು ಬೇಕು

ನೆಟ್‌ವರ್ಕಲ್ಲಿರೋ ವಿಂಡೋಸ್ ಮಷೀನ್‌ಗಳಿಗೆಲ್ಲ ಪ್ಯಾಚ್ (ತೂತು ಮುಚ್ಚೋ ಅಪ್‌ಡೇಟ್) ಹಾಕೋಕೆ ವರ್ಷಗಟ್ಟಲೆಯಿಂದ ಮೈಕ್ರೋಸಾಫ್ಟಿನ ಡಬ್ಲ್ಯೂಸಸ್ಸೇ (WSUS, ಅಂದ್ರೆ ವಿಂಡೋಸ್ ಸರ್ವರ್ ಅಪ್‌ಡೇಟ್ ಸರ್ವೀಸಸ್) ಬಳಸ್ತಿದೀನಿ. ಕೆಲಸ ಮಾಡುತ್ತೆ, ಅದರಲ್ಲಿ ಎರಡು ಮಾತಿಲ್ಲ, ಆದ್ರೆ ಇನ್‌ಸ್ಟಾಲ್ ಮಾಡಿ ಮರೆತುಬಿಡೋ ಐಟಂ ಅಲ್ಲ ಇದು.

ವಿಂಡೋಸ್ ಸರ್ವರ್ ಜೊತೆಗೇ ಬರೋ ರೋಲ್ ಆದ್ರಿಂದ ಬೇರೆ ದುಡ್ಡಿಲ್ಲ. ತಿಂಗಳ ಎರಡನೇ ಮಂಗಳವಾರದ ಪ್ಯಾಚ್‌ಗಳು ಸರ್ವರ್‌ಗೆ ಒಂದ್ಸಲ ಇಳಿದ್ರೆ ಸಾಕು, ಮಿಕ್ಕ ಮಷೀನ್‌ಗಳೆಲ್ಲ ಲ್ಯಾನಲ್ಲೇ ಎಳ್ಕೊಳ್ತವೆ, ಇಂಟರ್ನೆಟ್ ಲೈನ್ ಉಸಿರುಗಟ್ಟಲ್ಲ. ನನಗೆ ಹಿಡಿಸಿರೋದು ಅಪ್ರೂವಲ್ಲು. ಒಂದು ಟೆಸ್ಟ್ ಗ್ರೂಪ್‌ಗೆ ಮೊದ್ಲು ಬಿಟ್ಟು, ಪ್ರಿಂಟರ್ ಬರ್ತಿದೆ, ಅಕೌಂಟ್ಸ್ ಸಾಫ್ಟ್‌ವೇರ್ ಓಪನ್ ಆಗ್ತಿದೆ ಅಂತ ಖಾತ್ರಿ ಆದ್ಮೇಲೆ ಉಳಿದವಕ್ಕೆ ಅಪ್ರೂವ್ ಮಾಡಬಹುದು. ಹಾಗಂತ ತಿಂಗಳಾನುಗಟ್ಟಲೆ ಟೆಸ್ಟ್ ಮಾಡ್ತಾ ಕೂರೋದಲ್ಲ, ಫೈಲ್‌ಗಳಿಗೆ ಬೀಗ ಹಾಕಿ ದುಡ್ಡು ಕೇಳ್ತಿದ್ದ ವಾನ್ನಾಕ್ರೈ ವೈರಸ್ ಬಂದಿದ್ದು 2017ರ ಮೇ ತಿಂಗಳಲ್ಲಿ, ಅದು ನುಗ್ಗಿದ ತೂತಿಗೆ ಪ್ಯಾಚ್ ಮಾರ್ಚಲ್ಲೇ ಸಿಕ್ಕಿತ್ತು.

ಈಗ ತಲೆನೋವು. ಹಳೇ, ಸೂಪರ್‌ಸೀಡ್ ಆಗಿರೋ (ಅಂದ್ರೆ ಜಾಗಕ್ಕೆ ಹೊಸದು ಬಂದಿರೋ) ಅಪ್‌ಡೇಟ್‌ಗಳನ್ನ ನೀವೇ ಡಿಕ್ಲೈನ್ ಮಾಡ್ಬೇಕು, ಕ್ಲೀನಪ್ ವಿಝಾರ್ಡ್ ಓಡಿಸ್ತಾ ಇರ್ಬೇಕು, ಡೇಟಾಬೇಸ್ ರೀಇಂಡೆಕ್ಸ್ ಮಾಡ್ಬೇಕು, ಇಲ್ಲಾಂದ್ರೆ ಕನ್ಸೋಲ್ ತೆಗೆದಾಗೆಲ್ಲ 'ರೀಸೆಟ್ ಸರ್ವರ್ ನೋಡ್' ಅಂತ ಮುಖಕ್ಕೆ ಹೊಡೆಯುತ್ತೆ. ಅದು ಬಂದ್ರೆ ಮೊದ್ಲು ಐಐಎಸ್‌ಗೆ (ಡಬ್ಲ್ಯೂಸಸ್ ಓಡೋ ವಿಂಡೋಸ್‌ನ ವೆಬ್ ಸರ್ವರ್) ಹೋಗಿ ಡಬ್ಲ್ಯೂಸಸ್ ಅಪ್ಲಿಕೇಶನ್ ಪೂಲ್‌ನ ಪ್ರೈವೇಟ್ ಮೆಮೊರಿ ಲಿಮಿಟ್ ನೋಡಿ, ಡೀಫಾಲ್ಟಲ್ಲಿ 2 ಜಿಬಿಗಿಂತ ಕಮ್ಮಿ ಇರುತ್ತೆ, ಅದನ್ನ ಏರಿಸಿದ್ರೆ ಅರ್ಧ ಕಾಟ ಅಲ್ಲೇ ಮುಗಿಯುತ್ತೆ. ಡ್ರೈವರ್ಸ್ ಅನ್ನೋ ಟಿಕ್ ಮಾತ್ರ ಹಾಕಲೇಬೇಡಿ, ಡೇಟಾಬೇಸ್ ಊದ್ಕೊಳ್ಳುತ್ತೆ.

ಇನ್ನೊಂದು, ಸಿಸ್‌ಪ್ರೆಪ್ (ಕ್ಲೋನ್‌ಗೆ ಮುಂಚೆ ಮಷೀನಿನ ಗುರುತು ಅಳಿಸೋ ವಿಂಡೋಸ್ ಟೂಲ್) ಮಾಡ್ದೇ ಒಂದೇ ಇಮೇಜಿಂದ ಕ್ಲೋನ್ ಮಾಡಿರೋ ಮಷೀನ್‌ಗಳು ಕನ್ಸೋಲಲ್ಲಿ ಒಂದು ಬಂದ್ರೆ ಇನ್ನೊಂದು ಮಾಯ ಆಗ್ತವೆ. ಎಲ್ಲದಕ್ಕೂ ಒಂದೇ ಸಸ್ ಕ್ಲೈಂಟ್ ಐಡಿ (SusClientId, ಡಬ್ಲ್ಯೂಸಸ್‌ಗೆ ಮಷೀನಿನ ಗುರುತು) ಇರುತ್ತೆ, ಅದಕ್ಕೆ. ರಿಜಿಸ್ಟ್ರಿಯಲ್ಲಿ ಆ ಐಡಿಯ ವ್ಯಾಲ್ಯೂ ಡಿಲೀಟ್ ಮಾಡಿ ಅಪ್‌ಡೇಟ್ ಸರ್ವೀಸ್ ರೀಸ್ಟಾರ್ಟ್ ಮಾಡಿದ್ರೆ ಹೊಸದು ಹುಟ್ಟುತ್ತೆ. ಕನ್ಸೋಲಲ್ಲಿ ಕಾಣಿಸ್ತಿಲ್ಲ ಅಂದ್ರೆ ಪ್ಯಾಚ್ ಆಗಿದೆಯೋ ಇಲ್ವೋ ಅನ್ನೋದೂ ಗೊತ್ತಾಗಲ್ಲ, ಅದೇ ಅಪಾಯ.

ಕ್ರೋಮ್, ಪಿಡಿಎಫ್ ರೀಡರ್ ಥರದವಕ್ಕೆ ಇದು ತಾನಾಗೇ ಏನೂ ಮಾಡಲ್ಲ, ಬೇರೆ ಟೂಲ್ ಬೇಕು.

ತಮಾಷೆ ನೋಡಿ, 2025ರ ಅಕ್ಟೋಬರಲ್ಲಿ ಡಬ್ಲ್ಯೂಸಸ್‌ನಲ್ಲೇ ದೊಡ್ಡ ತೂತು ಸಿಕ್ತು, ಲಾಗಿನ್ನೇ ಇಲ್ದೆ ಹೊರಗಿನವರು ಸರ್ವರಲ್ಲಿ ಕೋಡ್ ಓಡಿಸಬಹುದಿತ್ತು, ತಿಂಗಳ ಪ್ಯಾಚ್ ಸಾಲದೆ 23ನೇ ತಾರೀಖು ತುರ್ತಾಗಿ ಇನ್ನೊಂದು ಬಿಟ್ರು. ಡಬ್ಲ್ಯೂಸಸ್ ಬಳಸೋ 8530, 8531 ಪೋರ್ಟ್‌ಗಳನ್ನ ಇಂಟರ್ನೆಟ್‌ಗೆ ತೆರೆದಿಟ್ಟಿದ್ರೆ ಈಗ್ಲೇ ಮುಚ್ಚಿ.

ಐದಕ್ಕೆ ಮೂರು ಸ್ಟಾರ್. 2024ರ ಸೆಪ್ಟೆಂಬರಲ್ಲೇ ಇದಕ್ಕೆ ಹೊಸ ಫೀಚರ್ ಬರಲ್ಲ ಅಂತ ಹೇಳಿಬಿಟ್ಟಿದಾರೆ, ಸರ್ವರ್ 2025ರಲ್ಲಿ ಇದೆ, ಸಪೋರ್ಟೂ ಇದೆ, ಆದ್ರೂ ಹೊಸದಾಗಿ ಶುರು ಮಾಡೋರು ಇಂಟ್ಯೂನ್ (ಮೈಕ್ರೋಸಾಫ್ಟಿನ ಕ್ಲೌಡ್ ಸೇವೆ) ಕಡೆ ನೋಡೋದು ವಾಸಿ. ಇಂಟರ್ನೆಟ್ಟೇ ಕೊಡದ ನೆಟ್‌ವರ್ಕ್ ಇದ್ರೆ ಮಾತು ಬೇರೆ, ಹೊರಗಿನ ಸರ್ವರಿಂದ ಎಕ್ಸ್‌ಪೋರ್ಟ್ ಮಾಡಿ ಡಿಸ್ಕಲ್ಲಿ ತಂದು ಒಳಗೆ ಇಂಪೋರ್ಟ್ ಮಾಡೋ ಸೌಲಭ್ಯ ಇಂಟ್ಯೂನಲ್ಲಿ ಇಲ್ಲ.